ಸಿಡಿದ ಕಾಯಿ, ಸಿಡಿಯದ ಕಾಯಿ

ಗೌರಿ ಹೂವಿನ ಗಿಡ ಗೊತ್ತಲ್ಲವೇ ಮಕ್ಕಳೇ? ಕರ್ಣಕುಂಡಲ ಎಂದೂ ಕರೆಯುತ್ತಾರೆ. ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದೆ, ಸಿಪ್ಪೆ ಸುರುಳಿಯಾಗುತ್ತದೆ. ಆ ಸುರುಳಿಯನ್ನಷ್ಟೇ ತೋರಿಸಿ, 'ಹೋಗಿ ಕಾಯಿ ಹುಡುಕಿ ತಾ' ಎಂದರೆ ಗಿಡವನ್ನೇ ನೋಡದ ಮಗು ಏನು ಮಾಡೀತು?

ಇಂಥದೇ ಪೇಚಿಗೆ ವಿಜ್ಞಾನಿಗಳೂ ಸಿಲುಕಿದ್ದರು. ಆರ್‌ಎಸ್‌ವಿ ಎಂಬ ವೈರಸ್ ಹೆಚ್ಚಿನವರಿಗೆ ಬರೀ ನೆಗಡಿ ತರುತ್ತದೆ. ಹಸುಗೂಸುಗಳಿಗೂ ವಯಸ್ಸಾದವರಿಗೂ ಮಾತ್ರ ಶ್ವಾಸಕೋಶಕ್ಕಿಳಿದು ಕಾಡಬಲ್ಲದು. 1960ರ ದಶಕದಲ್ಲಿ ಅಮೆರಿಕದಲ್ಲಿ ಅದನ್ನು ಫಾರ್ಮಲಿನ್‌ನಿಂದ ಕೊಂದು, ಲಸಿಕೆ ಮಾಡಿ, ಮಕ್ಕಳಿಗೆ ಕೊಟ್ಟು ನೋಡಿದರು. ಆಮೇಲೆ ಸೋಂಕು ತಗುಲಿದಾಗ ಲಸಿಕೆ ಪಡೆದ ಮಕ್ಕಳೇ ಹೆಚ್ಚು ನರಳಿದರು. ಇಬ್ಬರು ಕೂಸುಗಳು ತೀರಿಕೊಂಡವು. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ.

ನಮ್ಮ ಮೈಯಲ್ಲಿ ಬಿ ಕೋಶಗಳಿವೆ. ಅವಕ್ಕೆ ಕಣ್ಣಿಲ್ಲ. ಕರೆಂಟು ಹೋದಾಗ ಅಜ್ಜಿ ಬೀಗದ ಕೈಯನ್ನು ತಡಕಿಯೇ ಗುರುತಿಸುವಂತೆ, ಮೈಮೇಲಿನ ಗ್ರಾಹಕಗಳಿಂದ ಎದುರಿನ ಅಣುವಿನ ಉಬ್ಬುತಗ್ಗು ತಡವುತ್ತವೆ. ಆಕಾರ ಸರಿಯಾಗಿ ಕೂತರೆ ಕೋಶ ಎಚ್ಚೆತ್ತು, ಒಂದು ಹತ್ತಾಗಿ, ಹತ್ತು ನೂರಾಗಿ, ಅದೇ ಆಕಾರವನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತದೆ. (ಟಿ ಕೋಶಗಳ ನೆರವೂ ಬೇಕು, ಆ ಕತೆ ಇನ್ನೊಮ್ಮೆ.)

ಆರ್‌ಎಸ್‌ವಿಯ ಮೇಲೆ 'ಎಫ್' ಎಂಬ ಪ್ರೋಟೀನ್ ಇದೆ. ನಮ್ಮ ಕೋಶದೊಳಗೆ ನುಗ್ಗುವ ಮುನ್ನ ಅದು ಮೊಗ್ಗಿನಂತೆ ಗಿಡ್ಡಗೆ, ದುಂಡಗೆ ಇರುತ್ತದೆ. ನುಗ್ಗುವಾಗ ಬಿಚ್ಚಿಕೊಂಡು ಉದ್ದವಾಗುತ್ತದೆ, ಮತ್ತೆ ಮೊದಲಿನಂತಾಗದು. ಹಳೆಯ ಲಸಿಕೆಯಲ್ಲಿದ್ದದ್ದು ಬಹುಪಾಲು ಈ ಸಿಡಿದ ರೂಪ. ಅದನ್ನು ತಡವಿ ಕಲಿತ ಕೋಶಗಳ ಪ್ರತಿಕಾಯಗಳು ನಿಜವಾದ ವೈರಸ್ಸನ್ನು ಸರಿಯಾಗಿ ತಡೆಯಲಾರದೆ ಹೋದವು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ದೊಡ್ಡದು.

2013ರಲ್ಲಿ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ಸಿಡಿಯದ ಎಫ್‌ನ ಆಕಾರವನ್ನು ಕಂಡುಕೊಂಡರು. ಅದರ ಕೆಲವೇ ಅಮೈನೊ ಆಮ್ಲಗಳನ್ನು ಬದಲಿಸಿ, ಇಲ್ಲೊಂದು ಕೊಂಡಿ ಹಾಕಿ, ಅಲ್ಲೊಂದು ಪೊಳ್ಳಿಗೆ ಬೆಣೆ ತುಂಬಿ, ಸಿಡಿಯದಂತೆ ಹಿಡಿದಿಟ್ಟರು. ಎಂಥ ಜಾಣತನದ ಬಡಗಿ ಕೆಲಸ!

2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೊದಲ ಆರ್‌ಎಸ್‌ವಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು, ಅದೂ 60 ದಾಟಿದ ಅಜ್ಜ ಅಜ್ಜಿಯರಿಗೆ. ಹುಟ್ಟುವ ಕೂಸಿನ ರಕ್ಷಣೆಗೆಂದು ಗರ್ಭಿಣಿಯರಿಗೆ ಕೊಡುವ ಲಸಿಕೆಯೂ ಅದೇ ವರ್ಷ ಬಂತು.

ಫೈಜರ್, ಮಾಡರ್ನಾ ಕೋವಿಡ್ ಲಸಿಕೆಗಳಲ್ಲೂ ಇದೇ ಉಪಾಯವಿದೆ. ಕೊರೊನಾದ ಮುಳ್ಳಿನ ಪ್ರೋಟೀನ್ 1,273 ಮಣಿಗಳ ಸರ. ಆಕಾರ ಕೆಡದಂತೆ ಅದರಲ್ಲಿ ಬದಲಿಸಿದ್ದು ಎರಡೇ ಮಣಿ.