ಬೆಕ್ಕು ಸ್ಟೇಷನ್ ಮಾಸ್ತರಾದ ಕಥೆ

ಬಡ್ತಿಯ ಸುದ್ದಿ ಎಲ್ಲಿದ್ದರೂ ನನ್ನಂಥ ಗುಮಾಸ್ತನ ಕಿವಿ ನೆಟ್ಟಗಾಗುತ್ತದೆ. ಜಪಾನಿನ ಹಳ್ಳಿಗಾಡಿನ ಒಂದು ಸ್ಟೇಷನ್ನಿಗೆ ಬೆಕ್ಕೊಂದು ಸ್ಟೇಷನ್ ಮಾಸ್ತರಾಗಿ ನೇಮಕವಾಗಿ, ಮೂರೇ ವರ್ಷದಲ್ಲಿ ಕಂಪನಿಯ ಮೇಲಧಿಕಾರಿಗಳ ಸಾಲಿಗೇರಿತೆಂದು ಓದಿದಾಗ ಮೊದಲು ನಗು ಬಂದಿತು. ಆಮೇಲೆ, ಸುಳ್ಳೇಕೆ, ಕೊಂಚ ಹೊಟ್ಟೆಕಿಚ್ಚೂ ಆಯಿತು. ಆದರೆ ಪೂರ್ತಿ ವಿಷಯ ತಿಳಿದ ಮೇಲೆ ಅದರಲ್ಲಿ ಬೆಕ್ಕಿಗಿಂತ ದೊಡ್ಡ ಸಂಗತಿಯಿದೆಯೆಂದು ತೋರಿತು.

ಒಸಾಕಾದ ದಕ್ಷಿಣಕ್ಕೆ ವಾಕಾಯಾಮಾ ಎಂಬ ಪಟ್ಟಣವಿದೆ. ಅಲ್ಲಿಂದ ಹೊರಟ ಎರಡು ಡಬ್ಬಿಯ ಗಾಡಿ 14.3 ಕಿಲೋಮೀಟರು ಸಾಗಿ, ಕಿಶಿ ಎಂಬ ಕೊನೆಯ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಸ್ಟ್ರಾಬೆರಿ ಹಣ್ಣಿಗೆ ಹೆಸರಾದ ಸೀಮೆ ಅದು. ಜನರೆಲ್ಲ ಕಾರುಗಳನ್ನು ಕೊಂಡಂತೆ ಗಾಡಿ ಬರಿದಾಗುತ್ತ ಬಂದಿತು. ವರ್ಷಕ್ಕೆ ಸುಮಾರು 50 ಕೋಟಿ ಯೆನ್ ನಷ್ಟ. ಕೊನೆಗೆ 2004ರಲ್ಲಿ, ಮಾರ್ಗವನ್ನು ನಡೆಸುತ್ತಿದ್ದ ನಾಂಕಾಯ್ ಕಂಪನಿ ತಾನಿನ್ನು ಅದನ್ನು ಬಿಡುವುದಾಗಿ ಸಾರಿತು.

ಲೆಕ್ಕದ ಪ್ರಕಾರ ಅದು ಸರಿಯೇ. ಆದರೆ ಶಾಲೆಗೆ ಹೋಗುವ ಹುಡುಗರೇನು ಮಾಡಬೇಕು? ಕಾರು ನಡೆಸಲಾರದ ಮುದುಕರೇನು ಮಾಡಬೇಕು? ಊರವರು ಗೊಣಗುತ್ತ ಕೂರಲಿಲ್ಲ. ಸಂಘ ಕಟ್ಟಿದರು, ಸಾವಿರಾರು ಮಂದಿ ವಂತಿಗೆ ಕೊಟ್ಟು ಸದಸ್ಯರಾದರು. ಸ್ಥಳೀಯ ಸರ್ಕಾರಗಳು ಹಳಿಯ ಜಮೀನನ್ನು ಕೊಂಡು, ನಷ್ಟ ತುಂಬಲು ನೆರವು ಕೊಡಲು ಒಪ್ಪಿದವು. ಓಕಾಯಾಮಾದ ಟ್ರಾಮ್ ಕಂಪನಿಯೊಂದು ಮುಂದೆ ಬಂದು ಸ್ಥಾಪಿಸಿದ ಹೊಸ ಕಂಪನಿ 2006ರ ಏಪ್ರಿಲಿನಿಂದ ಗಾಡಿ ಓಡಿಸತೊಡಗಿತು.

ಖರ್ಚಿನ ಮಿತವ್ಯಯಕ್ಕಾಗಿ ಕಿಶಿಯಲ್ಲಿ ನೌಕರರನ್ನು ತೆಗೆದುಹಾಕಿದ್ದರು. ಪಕ್ಕದ ಅಂಗಡಿಯಾಕೆ ಸಾಕಿದ್ದ ಬೆಕ್ಕುಗಳ ಗೂಡನ್ನೂ ಎತ್ತಬೇಕಾಗಿ ಬಂದಿತು. ಸ್ಟೇಷನ್ನಿನಲ್ಲಾದರೂ ಇವಕ್ಕೆ ಜಾಗ ಕೊಡಿರೆಂದು ಆಕೆ ಕಂಪನಿಯ ಅಧ್ಯಕ್ಷರಾದ ಕೋಜಿಮಾ ಅವರನ್ನು ಬೇಡಿಕೊಂಡರು. ಮೂರು ಬಣ್ಣದ ತಾಮಾ ಎಂಬ ಹೆಣ್ಣು ಬೆಕ್ಕನ್ನು ನೋಡಿ ಅಧ್ಯಕ್ಷರಿಗೊಂದು ಉಪಾಯ ಹೊಳೆಯಿತು. 2007ರ ಜನವರಿಯಲ್ಲಿ ತಾಮಾಗೆ ಟೋಪಿ ತೊಡಿಸಿ, ಸ್ಟೇಷನ್ ಮಾಸ್ತರಾಗಿ ನೇಮಿಸಿಯೇ ಬಿಟ್ಟರು. ಕೆಲಸ, ಪ್ರಯಾಣಿಕರನ್ನು ಸ್ವಾಗತಿಸುವುದು. ಸಂಬಳ, ಬೆಕ್ಕಿನ ತಿಂಡಿ.

ಅದನ್ನು ನೋಡಲು ದೂರದೇಶಗಳಿಂದಲೂ ಜನ ಬಂದರು. 2010ರಲ್ಲಿ ಸ್ಟೇಷನ್ ಕಟ್ಟಡವನ್ನೇ ಬೆಕ್ಕಿನ ಮುಖದಂತೆ ಹೊಸದಾಗಿ ಕಟ್ಟಿದರು. 2015ರ ಜೂನ್ 22ರಂದು, ತನ್ನ 16ನೆಯ ವಯಸ್ಸಿನಲ್ಲಿ, ತಾಮಾ ತೀರಿಕೊಂಡಿತು. ಅಂತ್ಯಸಂಸ್ಕಾರಕ್ಕೆ ಸಾವಿರಾರು ಜನ ಸೇರಿದರು. ಸ್ಟೇಷನ್ನಿನಲ್ಲೇ ಅದಕ್ಕೊಂದು ಪುಟ್ಟ ಗುಡಿಯಾಯಿತು. ಅದರ ಹುದ್ದೆಗೆ ನಿತಾಮಾ ಎಂಬ ಇನ್ನೊಂದು ಬೆಕ್ಕು ಬಂದಿತು.

ಬೆಕ್ಕು ರೈಲನ್ನು ಉಳಿಸಿತೆಂದು ಲೋಕವೆಲ್ಲ ಹೇಳುತ್ತದೆ. ಆದರೆ ತಾರೀಖುಗಳನ್ನು ನೋಡುವುದು ಗುಮಾಸ್ತನ ಚಾಳಿ. ಬೆಕ್ಕು ಬಂದದ್ದು 2007ರಲ್ಲಿ. ಊರವರು ಎದ್ದು ನಿಂತದ್ದು 2004ರಲ್ಲಿ. ಅಂದು ಅವರು ಸುಮ್ಮನಿದ್ದಿದ್ದರೆ ಬೆಕ್ಕು ಕೂರುವುದಕ್ಕೆ ಸ್ಟೇಷನ್ನೇ ಇರುತ್ತಿರಲಿಲ್ಲ.

ಇದನ್ನು ಬರೆಯುತ್ತಿರುವಾಗ, ಪರವೂರಿನಲ್ಲಿರುವ ನಮ್ಮ ಸಂಘದ ವಾಚನಾಲಯಕ್ಕೆ ನಾನು ಕಾಲಿಟ್ಟು ಎಷ್ಟು ತಿಂಗಳಾಯಿತೆಂದು ಲೆಕ್ಕ ಹಾಕಿ ನಾಚಿಕೆಯಾಯಿತು. ಬರುವವರಿಲ್ಲವೆಂದು ದೂರುವವರಲ್ಲಿ ನಾನೂ ಒಬ್ಬ. ಬರುವ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ಹೇಳಿದ್ದೇನೆ.