ಹದಿನೆಂಟು ಮಿಲಿಮೀಟರಿನ ಕೋಶ

ತಂಬಾಕಿನ ಎಲೆಯನ್ನು ಸುಡದೆ, ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸಿ ಸೇದಲು ಒದಗಿಸುವ ಯಂತ್ರವನ್ನು ಹೋನ್ ಲಿಕ್ ಎಂಬ ಚೀನೀ ಔಷಧತಜ್ಞನು 2003ರ ಸುಮಾರಿಗೆ ರೂಪಿಸಿದಂದಿನಿಂದ, ಅದು ಶ್ವಾಸಕೋಶಕ್ಕೆ ಎಸಗುವ ಕೇಡಿನ ವಿಷಯದಲ್ಲಿ ವೈದ್ಯರು ನಡೆಸಿರುವ ಚರ್ಚೆ ವಿಪುಲವಾದುದು. ಆ ಚರ್ಚೆ ನನ್ನ ಅಧಿಕಾರಕ್ಕೆ ಸೇರಿದುದಲ್ಲ. ನಾನಿಲ್ಲಿ ವಿವೇಚಿಸಹೊರಟಿರುವುದು, ವೇಪ್ ಎಂಬ ಆ ಯಂತ್ರದ ಹೊಟ್ಟೆಯಲ್ಲಿ ಅಡಗಿದ್ದು, ಸೇದುವವನ ಗಮನಕ್ಕೆ ಬಹುಮಟ್ಟಿಗೆ ಬಾರದೆಯೇ ಉಳಿಯುವ ಬ್ಯಾಟರಿಯ ವಿಷಯವನ್ನು. ಅಮೆರಿಕದ ಕೇಂದ್ರ ಸರಕಾರದ ಅಗ್ನಿಶಾಮಕ ಆಡಳಿತವು, 2009ರ ಜನವರಿಯಿಂದ 2016ರ ಡಿಸೆಂಬರಿನವರೆಗೆ ಆ ದೇಶದ ವೃತ್ತಪತ್ರಿಕೆ ಮೊದಲಾದುವುಗಳಲ್ಲಿ ವರದಿಯಾದ ಇಂತಹ ಯಂತ್ರಗಳ ಬೆಂಕಿ ಮತ್ತು ಸ್ಫೋಟಗಳನ್ನು ಒಟ್ಟುಗೂಡಿಸಿದಾಗ, ಅವು 195 ಆದುವು. ಗಾಯಗಳು 133, ಅವುಗಳಲ್ಲಿ 38 ತೀವ್ರವಾದುವು. ಯಂತ್ರವೋ ಬಿಡಿ ಬ್ಯಾಟರಿಯೋ ಜೇಬಿನಲ್ಲಿದ್ದಾಗ ನಡೆದುವು 61, ಬಳಕೆಯಲ್ಲಿದ್ದಾಗ 60, ಚಾರ್ಜ್ ಆಗುತ್ತಿದ್ದಾಗ 48. ಬಾಯಲ್ಲಿಟ್ಟು ಸೇದುವಾಗ ಸಂಭವಿಸಿದಷ್ಟೇ ಅನಾಹುತಗಳು ಏನೂ ಮಾಡದೆ ಜೇಬಿನಲ್ಲಿಟ್ಟುಕೊಂಡಿದ್ದಾಗಲೂ ಸಂಭವಿಸಿದುವೆಂಬುದು ಯೋಚಿಸತಕ್ಕ ಸಂಗತಿ.

ದೊಡ್ಡ ವೇಪ್ ಯಂತ್ರಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವುದು 18650 ಎಂಬ ಅಂಕಿಯಿಂದಲೇ ಪ್ರಸಿದ್ಧವಾದ ಲಿಥಿಯಂ-ಅಯಾನ್ ಕೋಶ: ವ್ಯಾಸ 18 ಮಿಲಿಮೀಟರು, ಉದ್ದ 65 ಮಿಲಿಮೀಟರು, ಕೊನೆಯ ಸೊನ್ನೆಯು ಅದು ಉರುಳೆಯಾಕಾರದ್ದೆಂಬುದರ ಗುರುತು. ವಿಟ್ಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಷಿನೊ ಎಂಬ ಮೂವರ ಸಂಶೋಧನೆಯ ಫಲವಾಗಿ ಹುಟ್ಟಿ, 1991ರಲ್ಲಿ ಸೋನಿ ಕಂಪನಿಯ ಮೂಲಕ ಪೇಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಗಾಗಿ ಆ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಐವತ್ತು ಗ್ರಾಮಿಗೂ ಕಡಮೆ ತೂಗುವ ಈ ಕೋಶವೊಂದರಲ್ಲಿ, ಅದು 3000 ಮಿಲಿಆಂಪಿಯರ್-ಗಂಟೆಯದಾದರೆ, ಸುಮಾರು 39,000 ಜೂಲುಗಳಷ್ಟು ಶಕ್ತಿ ಸಂಚಿತವಾಗಿರುತ್ತದೆ. ಅರವತ್ತು ಕಿಲೋ ತೂಕದ ಮನುಷ್ಯನನ್ನು ಶ್ರವಣಬೆಳಗೊಳದ ಗೊಮ್ಮಟನ ಎತ್ತರದ ಮೂರೂವರೆ ಪಟ್ಟಿಗೂ ಮೇಲಕ್ಕೆ ಎತ್ತಬಲ್ಲ ಶಕ್ತಿಯದು. ಗಂಟೆಗಟ್ಟಲೆ ಕಾಲಾವಧಿಯಲ್ಲಿ ಹೊರಬರುವಾಗ ಈ ಶಕ್ತಿ ಸೌಮ್ಯವಾದುದು. ಅದೇ ಶಕ್ತಿ ಕೆಲವು ನಿಮಿಷಗಳಲ್ಲಿ ಹೊರಬೀಳಹೊರಟರೆ ಆಗುವುದೇ ಬೇರೆ.

ಅಂತಹ ಕೋಶವೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ, ಬಣ್ಣದ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದು ಅದನ್ನು ಸುತ್ತುವರಿದಿರುವುದೂ, ಒಂದು ತುದಿಯಲ್ಲಿ ಗುಂಡಿಯಂತಹ ಧನಾಗ್ರವೂ, ಅದರ ಸುತ್ತ ಬಿಳಿಯ ಕಾಗದದಂತಹ ಬಳೆಯೊಂದೂ ಕಾಣುತ್ತವೆ. ಕೆಳಗಿನ ಚಪ್ಪಟೆ ತುದಿ ಮಾತ್ರವೇ ಋಣಾಗ್ರವೆಂದು ಸಾಮಾನ್ಯರು ತಿಳಿಯುತ್ತಾರೆ. ವಾಸ್ತವದಲ್ಲಿ ಆ ಪೊರೆಯ ಕೆಳಗಿರುವ ಲೋಹದ ಡಬ್ಬಿ ಇಡಿಯಾಗಿ ಋಣಾಗ್ರವೇ. ಧನಾಗ್ರದ ಗುಂಡಿಯ ಸುತ್ತಲಿನ ಅಂಚಿನವರೆಗೂ ಅದು ಹಬ್ಬಿದೆ. ಆದುದರಿಂದ ಎರಡು ಅಗ್ರಗಳನ್ನು ಅಗಲಿಸಿಟ್ಟಿರುವುದು ಆರೂವರೆ ಸೆಂಟಿಮೀಟರಿನ ಉದ್ದವಲ್ಲ, ಮೇಲುತುದಿಯ ಆ ಕಿರಿದಾದ ಬಳೆ ಮತ್ತು ಉಗುರು ತಾಗಿದರೆ ಹರಿಯುವ ಪೊರೆ. ಪೊರೆ ಅಲ್ಲಿ ಚಕ್ಕೆಯೆದ್ದು, ಜೇಬಿನ ಬೀಗದ ಕೈಯೋ ನಾಣ್ಯವೋ ಗುಂಡಿಗೂ ಡಬ್ಬಿಗೂ ಏಕಕಾಲದಲ್ಲಿ ತಗಲಿದರೆ, ಒಳಗಿನ ರೋಧವು ಓಮಿನ ನೂರರಲ್ಲಿ ಕೆಲವೇ ಪಾಲಾದುದರಿಂದ, ಹತ್ತಾರು ಆಂಪಿಯರಿನ ಪ್ರವಾಹ ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಜೇಬಿನಲ್ಲಿ ಸಂಭವಿಸಿದ ಅನಾಹುತಗಳ ರಹಸ್ಯ ಬಹಳಮಟ್ಟಿಗೆ ಇಷ್ಟೆ. ಕೆಲವೇ ರೂಪಾಯಿಗಳ ಪ್ಲಾಸ್ಟಿಕ್ ಡಬ್ಬಿಯೊಂದು ಇದನ್ನು ಸಂಪೂರ್ಣವಾಗಿ ತಡೆಯುತ್ತದೆ. ಪೊರೆ ಹರಿದ ಕೋಶಕ್ಕೆ ಹೊಸ ಪೊರೆಯನ್ನು ತೊಡಿಸಬೇಕು, ಡಬ್ಬಿ ನೆಗ್ಗಿದ್ದರೆ ಅದನ್ನು ಬಳಕೆಯಿಂದಲೇ ತೆಗೆದುಬಿಡಬೇಕು.

ಬಿಸಿಯಾದ ಕೋಶದಲ್ಲಿ ಆಗುವುದೇನೆಂಬುದನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಅಲ್ಯೂಮಿನಿಯಂ ಹಾಳೆಯ ಮೇಲೆ ಲೋಹದ ಆಕ್ಸೈಡನ್ನೂ, ತಾಮ್ರದ ಹಾಳೆಯ ಮೇಲೆ ಗ್ರಾಫೈಟನ್ನೂ ಲೇಪಿಸಿ, ಎರಡರ ನಡುವೆ ಕೂದಲೆಳೆಗಿಂತ ತೆಳುವಾದ ಪಾಲಿಥೀನಿನ ಪರದೆಯನ್ನಿಟ್ಟು, ಒಟ್ಟಿಗೆ ಸುತ್ತಿ, ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ದ್ರವದಲ್ಲಿ ನೆನೆಸಿರುತ್ತಾರೆ. ಉಷ್ಣತೆ ನೂರು ಡಿಗ್ರಿಯ ಸಮೀಪಕ್ಕೆ ಬರುತ್ತಿರುವಂತೆಯೇ ಗ್ರಾಫೈಟಿನ ಮೇಲಿನ ರಕ್ಷಕ ಪೊರೆ ಒಡೆದು ತಾನೇ ಶಾಖವನ್ನು ಹೊಮ್ಮಿಸತೊಡಗುತ್ತದೆ. 130 ಡಿಗ್ರಿಯ ಸುಮಾರಿಗೆ ಪರದೆ ಕರಗುತ್ತದೆ. ಇನ್ನೂ ಮೇಲೇರಿದಾಗ ಆಕ್ಸೈಡು ಆಮ್ಲಜನಕವನ್ನು ಬಿಡುತ್ತದೆ. ಹೀಗೆ ಇಂಧನ, ಆಮ್ಲಜನಕ, ಶಾಖ ಮೂರೂ ಒಂದೇ ಡಬ್ಬಿಯಲ್ಲಿ ಒದಗಿಬಂದ ಮೇಲೆ, ಹೊರಗಿನ ಕಾರಣವನ್ನು ತೆಗೆದರೂ ಕ್ರಿಯೆ ನಿಲ್ಲುವುದಿಲ್ಲ. ಅನಿಲದ ಒತ್ತಡ ಹೊರಹೋಗಲೆಂದು ಧನಾಗ್ರದ ಬಳಿ ರಂಧ್ರಗಳನ್ನು ಇಟ್ಟಿರುತ್ತಾರೆ. ಆದರೆ ಕೋಶವನ್ನು ಗಟ್ಟಿಯಾದ ಲೋಹದ ಕೊಳವೆಯಲ್ಲಿ ಬಂಧಿಸಿ, ಆ ಕೊಳವೆಗೆ ಅನಿಲ ಹೊರಹೋಗುವ ರಂಧ್ರಗಳೇ ಇಲ್ಲದಿದ್ದರೆ, ಒಂದು ತುದಿಯ ಭಾಗವು ಕಿತ್ತು ಸಿಡಿಯುವುದೊಂದೇ ಉಳಿದ ದಾರಿ. ಆ ತುದಿಯ ಎದುರಿನಲ್ಲಿರುವುದು ಸೇದುವವನ ಮುಖ.

ಇನ್ನು ಆಯ್ಕೆಯ ಪ್ರಶ್ನೆ. ಕೊಳ್ಳುವವರೆಲ್ಲ ನೋಡುವುದು ಎಷ್ಟು ಮಿಲಿಆಂಪಿಯರ್-ಗಂಟೆ ಎಂಬುದನ್ನು. ನೋಡಬೇಕಾದುದು ಎಡೆಬಿಡದೆ ಎಷ್ಟು ಆಂಪಿಯರನ್ನು ಕೊಡಬಲ್ಲದೆಂಬುದನ್ನು. ಮೊದಲನೆಯದು ಎಷ್ಟು ಹೊತ್ತು ಬಾಳುವುದೆಂಬುದರ ಅಳತೆ, ಎರಡನೆಯದು ಎಷ್ಟು ಭಾರವನ್ನು ಹೊರಬಲ್ಲದೆಂಬುದರ ಅಳತೆ. ಶಾಲೆಯಲ್ಲಿ ಕಲಿತ ಓಮನ ನಿಯಮ ಇಲ್ಲಿ ಸಾಕು. ಪೂರ್ತಿ ಚಾರ್ಜ್ ಆದ ಕೋಶದ 4.2 ವೋಲ್ಟನ್ನು, ದ್ರವವನ್ನು ಕಾಯಿಸುವ ತಂತಿಯ ಸುರುಳಿಯ ರೋಧದಿಂದ ಭಾಗಿಸಿದರೆ ಪ್ರವಾಹ ಬರುತ್ತದೆ: ರೋಧ 0.5 ಓಮಾದರೆ 8.4 ಆಂಪಿಯರು, 0.2 ಓಮಾದರೆ 21 ಆಂಪಿಯರು. ಸ್ಯಾಮ್ಸಂಗಿನ 25ಆರ್ ಎಂಬ ಕೋಶದ ಸಾಮರ್ಥ್ಯ 2500 ಮಿಲಿಆಂಪಿಯರ್-ಗಂಟೆ, ಅದರ ಪ್ರವಾಹದ ಮಿತಿ 20 ಆಂಪಿಯರು. ಯಾವ ಸರ್ಕಿಟ್ಟೂ ಇಲ್ಲದೆ ಕೋಶವನ್ನು ಸುರುಳಿಗೆ ನೇರವಾಗಿ ಜೋಡಿಸುವ, ಮೆಕ್ ಮಾಡ್ ಎಂಬ ಹೆಸರಿನ ಕೊಳವೆಗಳಲ್ಲಿ 0.2 ಓಮಿನ ಸುರುಳಿ ಈ ಕೋಶವನ್ನೂ ಮಿತಿಮೀರಿಸುತ್ತದೆ. ಹವ್ಯಾಸಿಗಳು ಸುರುಳಿಯನ್ನು ತಾವೇ ಸುತ್ತಿಕೊಳ್ಳುವರಾಗಿ, ರೋಧವನ್ನು ಮಾಪಕದಿಂದ ಅಳೆಯದೆ ಅಂದಾಜಿನ ಮೇಲೆ ನಡೆಯುವವನು ತನ್ನ ಕೈಯಾರೆ ಅಪಾಯವನ್ನು ಕಟ್ಟಿಕೊಂಡಂತೆ.

ಸರ್ಕಿಟ್ಟುಳ್ಳ ಯಂತ್ರಗಳಲ್ಲಿ ಲೆಕ್ಕ ಬೇರೆಯಾಗುತ್ತದೆ, ಮತ್ತು ಇದು ಬಹುಜನರಿಗೆ ತಿಳಿಯದ ವಿಷಯ. ಅಲ್ಲಿ ಯಂತ್ರವು ಸ್ಥಿರವಾಗಿ ಕಾಯ್ದುಕೊಳ್ಳುವುದು ವಾಟನ್ನು; ಕೋಶ ಖಾಲಿಯಾಗುತ್ತ ವೋಲ್ಟು ಇಳಿದಂತೆಲ್ಲ, ಅದೇ ವಾಟನ್ನು ಒದಗಿಸಲು ಹೆಚ್ಚು ಆಂಪಿಯರನ್ನು ಎಳೆಯುತ್ತದೆ. ಒಂದೇ ಕೋಶದಿಂದ 75 ವಾಟನ್ನು ಪಡೆಯಹೊರಟರೆ, 3.2 ವೋಲ್ಟಿನ ಹೊತ್ತಿಗೆ, ಸರ್ಕಿಟ್ಟಿನ ದಕ್ಷತೆ ನೂರಕ್ಕೆ ತೊಂಬತ್ತೆಂದಿಟ್ಟುಕೊಂಡರೂ, ಪ್ರವಾಹ 26 ಆಂಪಿಯರನ್ನು ಮುಟ್ಟುತ್ತದೆ. ಅಂದರೆ ಕೋಶವು ತೀರ ಬಳಲುವುದು ತುಂಬಿರುವಾಗಲ್ಲ, ಬರಿದಾಗುತ್ತಿರುವಾಗ.

ಪೇಟೆಯಲ್ಲಿ 9900 ಮಿಲಿಆಂಪಿಯರ್-ಗಂಟೆಯೆಂದು ದಪ್ಪಕ್ಷರಗಳಲ್ಲಿ ಅಚ್ಚಾದ 18650 ಕೋಶಗಳು ಸಿಕ್ಕುತ್ತವೆ. ಇದು ಶುದ್ಧ ಸುಳ್ಳು. ಹೆಸರಾಂತ ತಯಾರಕರ ಕೋಶಗಳು ಈ ಗಾತ್ರದಲ್ಲಿ ಸಾಮಾನ್ಯವಾಗಿ 3600ರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ, ಹಾಗೂ ಸಾಮರ್ಥ್ಯ ಏರಿದಂತೆ ಪ್ರವಾಹದ ಮಿತಿ ಇಳಿಯುವುದೇ ವಾಡಿಕೆ. ಎರಡು ಕೋಶಗಳ ಯಂತ್ರವಾದರೆ ಎರಡೂ ಒಂದೇ ತಯಾರಿಕೆಯವು, ಒಂದೇ ವಯಸ್ಸಿನವು ಆಗಿರಬೇಕು, ಕೂಡಿಯೇ ಚಾರ್ಜ್ ಆಗಬೇಕು. ಸರಣಿಯಲ್ಲಿ ಜೋಡಿಸಿದ ಜೋಡಿಯಲ್ಲಿ ದುರ್ಬಲವಾದುದು ಮೊದಲು ಬರಿದಾಗಿ, ಬಲವಾದುದು ಅದರ ಮೂಲಕ ಪ್ರವಾಹವನ್ನು ನೂಕುತ್ತಲೇ ಇರುತ್ತದೆ. ಹಾಗೆ ತೀರ ಬರಿದಾದ ಕೋಶದಲ್ಲಿ ತಾಮ್ರವು ಕರಗಿ, ಮತ್ತೆ ಚಾರ್ಜ್ ಮಾಡುವಾಗ ಸಲ್ಲದೆಡೆಯಲ್ಲಿ ಕೂತು, ಒಳಗಿಂದೊಳಗೇ ಶಾರ್ಟಾಗುವುದುಂಟು.

ಒಳ್ಳೆಯ ಚಾರ್ಜರು ಮೊದಲು ಪ್ರವಾಹವನ್ನು ಸ್ಥಿರವಾಗಿಟ್ಟು, ಕೋಶ 4.2 ವೋಲ್ಟನ್ನು ಮುಟ್ಟಿದೊಡನೆ ವೋಲ್ಟನ್ನು ಅಲ್ಲಿಯೇ ಹಿಡಿದು, ಪ್ರವಾಹ ಕ್ರಮೇಣ ಕ್ಷೀಣಿಸಲು ಬಿಟ್ಟು, ಕೊನೆಗೆ ತಾನಾಗಿ ನಿಲ್ಲಿಸುತ್ತದೆ. ಅಗ್ಗದ ಚಾರ್ಜರಿನಲ್ಲಿ ಈ ಕೊನೆಯ ಹಂತವೇ ಶಿಥಿಲ. ಪ್ರತಿ ಕೋಶಕ್ಕೂ ಬೇರೆ ಮನೆ, ಬೇರೆ ನಿಗಾ ಇರುವ ಚಾರ್ಜರನ್ನೇ ಆರಿಸುವುದು ಮೇಲು. 18650ಕ್ಕೆ ಒಂದು ಆಂಪಿಯರಿನ ಪ್ರವಾಹ ಧಾರಾಳವಾಗಿ ಸಾಕು. ಹಾಸಿಗೆಯ ಮೇಲಾಗಲಿ, ಮನೆಮಂದಿ ಮಲಗಿರುವಾಗಲಾಗಲಿ, ಬಿಸಿಲಿನಲ್ಲಿ ನಿಂತ ಕಾರಿನೊಳಗಾಗಲಿ ಚಾರ್ಜ್ ಮಾಡತಕ್ಕುದಲ್ಲ. ಚಳಿನಾಡುಗಳಲ್ಲಿರುವವರು ಇನ್ನೊಂದನ್ನು ಗಮನಿಸಬೇಕು: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನೊಳಗೆ ಸೇರದೆ ಅದರ ಮೇಲೆ ಲೋಹವಾಗಿ ಕೂರುತ್ತದೆ, ಕೋಶ ಮೊದಲು ಕೊಠಡಿಯ ಉಷ್ಣತೆಗೆ ಬರಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುವುದು ನ್ಯಾಯ. ಈ ಕೋಶವು ಬಿಡಿಯಾಗಿ ಗಿರಾಕಿಯ ಕೈಗೆ ಬರಬೇಕಾದ ವಸ್ತುವೇ ಅಲ್ಲ. ರಕ್ಷಕ ಸರ್ಕಿಟ್ಟಿನೊಡನೆ ಕಟ್ಟಿದ ಪೊಟ್ಟಣದ ಒಂದು ಭಾಗವಾಗಿರಲೆಂದು ಅದನ್ನು ತಯಾರಿಸುತ್ತಾರೆ. ಅಮೆರಿಕದ ಗ್ರಾಹಕ ವಸ್ತು ಸುರಕ್ಷಾ ಆಯೋಗವು 2021ರ ಜನವರಿಯಲ್ಲಿ, ಬಿಡಿ 18650 ಕೋಶಗಳನ್ನು ಕೊಳ್ಳಲೂ ಬಳಸಲೂ ಬಾರದೆಂದು ಗ್ರಾಹಕರನ್ನು ಎಚ್ಚರಿಸಿತು. ವೇಪ್ ಬಳಸುವವನು ಕೋಶವನ್ನು ಹೊರತೆಗೆಯಲಾಗದ, ಸರ್ಕಿಟ್ಟುಳ್ಳ ಯಂತ್ರವನ್ನು ಅದರ ತಯಾರಕನು ಹೇಳಿದ ಚಾರ್ಜರಿನಿಂದಲೇ ನಡೆಸಿದರೆ ಅಪಾಯದ ಬಹುಪಾಲು ತಾನಾಗಿ ದೂರವಾಗುತ್ತದೆ. ಬ್ರಿಟನ್ನಿನಲ್ಲಿ ಒಮ್ಮೆ ಬಳಸಿ ಬಿಸುಡುವ ವೇಪುಗಳ ಮಾರಾಟವು 2025ರ ಜೂನ್ 1ರಿಂದ ನಿಷಿದ್ಧವಾಗಿರುವುದರಿಂದ, ಚಾರ್ಜರಿನ ಪ್ರಶ್ನೆ ಅಲ್ಲಿ ಇನ್ನಷ್ಟು ಜನರದಾಗಿದೆ.

ನಮ್ಮಲ್ಲಿ ಈ ಯಂತ್ರವನ್ನು ತಯಾರಿಸುವುದೂ, ಆಮದು ಮಾಡುವುದೂ, ಮಾರುವುದೂ 2019ರ ಕೇಂದ್ರ ಶಾಸನದ ಪ್ರಕಾರ ಅಪರಾಧ. ಪರದೇಶಗಳಲ್ಲಿ ನೆಲಸಿದ ಕನ್ನಡಿಗರು ರಜೆಗೆ ಬರುವಾಗ ಇದನ್ನು ಪೆಟ್ಟಿಗೆಯಲ್ಲಿಟ್ಟು ತರುವುದು ಎರಡು ಬಗೆಯಲ್ಲಿ ತಪ್ಪು: ಲಿಥಿಯಂ ಬ್ಯಾಟರಿಯ ವೇಪನ್ನು ವಿಮಾನದ ಸರಕಿನ ಕೋಣೆಗೆ ಸೇರುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲಿ ತಂದರೂ ಇಲ್ಲಿಯ ಕಾನೂನು ಒಪ್ಪುವುದಿಲ್ಲ. ಆದರೆ ಅದೇ 18650 ಕೋಶ ನಮ್ಮ ಹಳ್ಳಿಯ ಟಾರ್ಚಿನಲ್ಲಿ, ಎಷ್ಟೋ ಪವರ್ ಬ್ಯಾಂಕುಗಳಲ್ಲಿ, ವಿದ್ಯುತ್ ವಾಹನದ ಬ್ಯಾಟರಿಯಲ್ಲಿ ಕೂತಿದೆ. ಮೇಲೆ ಹೇಳಿದುದೆಲ್ಲ ಅದಕ್ಕೂ ಅನ್ವಯಿಸುತ್ತದೆ. ಹಳೆಯ ಟಾರ್ಚನ್ನು ಬಿಚ್ಚಿ ಕೋಶವನ್ನು ತೆಗೆದವರು ಅದನ್ನು ಕಸದ ಬುಟ್ಟಿಗಾಗಲಿ ಒಲೆಗಾಗಲಿ ಹಾಕದೆ, ಎರಡು ತುದಿಗೂ ಇನ್ಸುಲೇಷನ್ ಟೇಪು ಸುತ್ತಿ, ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಒಪ್ಪಿಸಬೇಕೆಂದು ಕೋರುತ್ತೇನೆ.