ಆ್ಯಪ್ ಅಂಗಡಿಯ ಬಾಗಿಲ ಸುಂಕ

ಮಕ್ಕಳು ಫೋನಿಗೆ ಇಳಿಸಿಕೊಳ್ಳುವ ಆ್ಯಪುಗಳನ್ನು ಪರೀಕ್ಷಿಸುವವರು ಯಾರೆಂಬುದನ್ನು ಮನೆಯೊಡೆಯರು ಅರಿತಿರುವುದು ಲೇಸು. 2008ರ ಜುಲೈ ತಿಂಗಳಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಆ್ಯಪ್ ಅಂಗಡಿಯನ್ನು ತೆರೆದು, ಅಲ್ಲಿ ಸರಕಿಡುವ ತಯಾರಕರಿಗೆ ವರ್ಷಕ್ಕೆ 99 ಡಾಲರುಗಳ ಶುಲ್ಕವನ್ನು ಗೊತ್ತುಮಾಡಿತು. ಪ್ರತಿಯೊಂದನ್ನೂ ಪರೀಕ್ಷಿಸಿಯೇ ಒಳಬಿಡುವ ಕ್ರಮವನ್ನೂ ಇಟ್ಟಿತು. ಗೂಗಲಿನ ಅಂಗಡಿಯಲ್ಲಾದರೋ 25 ಡಾಲರು, ಅದೂ ಒಂದೇ ಬಾರಿ.

ಹಣ ತೆತ್ತವನು ಕಸವನ್ನು ತರಲಾರನೆಂಬುದು ಶುಲ್ಕದ ಪಕ್ಷದವರ ವಾದ. ಅದೇ ವರ್ಷದ ಆಗಸ್ಟಿನಲ್ಲಿ ನಡೆದುದನ್ನು ನೋಡಿರಿ. ‘ಐ ಆ್ಯಮ್ ರಿಚ್’, ಎಂದರೆ ‘ನಾನು ಸಿರಿವಂತ’, ಎಂಬ ಆ್ಯಪು 999.99 ಡಾಲರುಗಳ ಬೆಲೆ ಹೊತ್ತು ಆ್ಯಪಲಿನ ಅಂಗಡಿಗೆ ಬಂದಿತು. ತೆರೆಯ ಮೇಲೆ ಕೆಂಪು ರತ್ನವೊಂದನ್ನು ಹೊಳೆಯಿಸುವುದೇ ಅದರ ಕೆಲಸ! ಶುಲ್ಕವೂ ಸಂದಿತ್ತು, ಪರೀಕ್ಷೆಯೂ ಆಗಿತ್ತು. ಎಂಟು ಮಂದಿ ಕೊಂಡ ಮೇಲೆ ಸಂಸ್ಥೆಯು ಅದನ್ನು ತೆಗೆದುಹಾಕಿತು.

ಹಾಗೆ ಗಳಿಸಬಲ್ಲವನಿಗೆ 99 ಡಾಲರು ಒಂದು ಲೆಕ್ಕವೆ? ತನ್ನ ಮೊದಲ ಆ್ಯಪನ್ನು ಪುಕ್ಕಟೆಯಾಗಿ ಹಂಚಬಯಸುವ ಬಡ ವಿದ್ಯಾರ್ಥಿಗೆ ಅದು ಭಾರವಾಗುವುದು. ಕೆಲವು ದೇಶಗಳಲ್ಲಿ ವಿದ್ಯಾಸಂಸ್ಥೆಗಳಿಗೆ ವಿನಾಯಿತಿಯುಂಟು, ಒಂಟಿ ವಿದ್ಯಾರ್ಥಿಗಿಲ್ಲ.

2023ರಲ್ಲಿ ಗೂಗಲ್ ಶುಲ್ಕವನ್ನೇರಿಸದೆ ಬೇರೊಂದು ದಾರಿ ಹಿಡಿಯಿತು. ಹೊಸದಾಗಿ ಸೇರುವ ಒಂಟಿ ತಯಾರಕನು ಮೊದಲು 20 ಮಂದಿಯಿಂದ 14 ದಿನ ತನ್ನ ಆ್ಯಪನ್ನು ಬಳಸಿ ನೋಡಿಸಬೇಕು. ಮುಂದಿನ ವರ್ಷ ಈ ಸಂಖ್ಯೆ 12ಕ್ಕೆ ಇಳಿಯಿತು. ತೊಡಕೇನೋ ಉಂಟು, ಆದರೂ ಹಳ್ಳಿಯ ಹುಡುಗನೊಬ್ಬನಿಗೆ ಹನ್ನೆರಡು ಮಂದಿ ಗೆಳೆಯರನ್ನು ಕಲೆಹಾಕುವುದು 99 ಡಾಲರುಗಳನ್ನು ಕೂಡಿಸುವುದಕ್ಕಿಂತ ಸುಲಭವೇ ಸರಿ.